ಇಪ್ ಮ್ಯಾನ್ ಹತ್ತು ಜನರನ್ನು ಹೊಡೆದದ್ದು ನಿಜವೇ? ಮಗನನ್ನು ಫೋಶಾನ್‌ಗೆ ಕಳಿಸಬೇಕೇ?

ಪ್ರಶ್ನೆ: ನನ್ನ ಮಗನಿಗೆ 16 ವರ್ಷ, ಮೊದಲ ಪಿಯುಸಿ. ಎರಡು ವರ್ಷದ ಹಿಂದೆ ಇಪ್ ಮ್ಯಾನ್ ಸಿನಿಮಾ ನೋಡಿದ. ಅಲ್ಲಿಂದ ಕೂತರೂ ನಿಂತರೂ ಕುಂಗ್ ಫು. ಆರು ತಿಂಗಳಿಂದ ನಮ್ಮೂರಿನ ಒಂದು ವಿಂಗ್ ಚುನ್ (ಕುಂಗ್ ಫುವಿನ ಒಂದು ಪದ್ಧತಿ) ಕ್ಲಾಸ್‌ಗೆ ಹೋಗುತ್ತಿದ್ದಾನೆ. ಅಲ್ಲಿನ ಮಾಸ್ಟರ್ ತಾವು ಬ್ರೂಸ್ ಲೀ ಗುರು ಇಪ್ ಮ್ಯಾನ್ ಅವರ ಪರಂಪರೆಯವರು ಎನ್ನುತ್ತಾರೆ. ಇಪ್ ಮ್ಯಾನ್ ಒಬ್ಬರೇ ಹತ್ತು ಜಪಾನೀ ಪಟುಗಳನ್ನು ಹೊಡೆದರು, ಗುಟ್ಟನ್ನು ಹೊರಗಿನವರಿಗೆ ಹೇಳಿಕೊಟ್ಟದ್ದಕ್ಕೆ ಬ್ರೂಸ್ ಲೀಯನ್ನು ಕೊಂದರು, ಇದೆಲ್ಲ ಮೂಲದಲ್ಲಿ ಚೀನಾಕ್ಕೆ ಹೋದ ನಮ್ಮ ಬೌದ್ಧ ಸನ್ಯಾಸಿ ಬೋಧಿಧರ್ಮ ಕಲಿಸಿದ್ದು ಅಂತೆಲ್ಲ ಹೇಳಿದ್ದಾರಂತೆ. ಈಗ ಮಗ ಓದು ಬಿಟ್ಟು ಚೀನಾದ ಫೋಶಾನ್‌ಗೆ ಹೋಗಿ ಕಲಿಯುತ್ತೇನೆ ಎನ್ನುತ್ತಿದ್ದಾನೆ. ಬ್ರೂಸ್ ಲೀ ಹಾಗೆ ಆಗಬೇಕು ಅಂತ ಭಾರ ಎತ್ತಿ ಮೂರು ವಾರದಿಂದ ಸೊಂಟನೋವು ಬೇರೆ. ಬ್ರೂಸ್ ಲೀ 32ಕ್ಕೇ ಸತ್ತರು, ಅವರ ಮಗನೂ ಚಿಕ್ಕ ವಯಸ್ಸಿನಲ್ಲೇ ಸತ್ತ ಅಂತ ಓದಿ ನನಗೆ ನಿದ್ದೆ ಬರುತ್ತಿಲ್ಲ. ಇವರೆಲ್ಲ ನಿಜವಾಗಿ ಯಾರು? ಮಗನಿಗೆ ಬೇಡ ಎನ್ನಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಒಂದರೊಳಗೊಂದು ಸಿಕ್ಕಿಕೊಂಡಿವೆ. ಮಗನ ಓದು, ಆರೋಗ್ಯ ಹಾಳಾಗುತ್ತದೆ ಅನ್ನೋದು ಒಂದು. ಈ ವಿದ್ಯೆಯಲ್ಲೇ ಏನೋ ಕೇಡಿದೆ, ಹಿಡಿದವರನ್ನು ಬಿಡುವುದಿಲ್ಲ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಎರಡನೆಯದನ್ನು ಮೊದಲು ನಿಮ್ಮ ಎದೆಯಿಂದ ಇಳಿಸಬೇಕು.

ನಾನು 22 ವರ್ಷದಿಂದ ವಿಂಗ್ ಚುನ್ ಕಲಿಸುತ್ತಿದ್ದೇನೆ. ಅದಕ್ಕೂ ಮುಂಚೆ ಹಾಂಗ್‌ಕಾಂಗ್‌ನಲ್ಲಿ ಸ್ವಲ್ಪ ಕಾಲ ಇದ್ದು ಕಲಿತೆ. ಪ್ರತಿ ಜೂನ್‌ನಲ್ಲಿ ಹೊಸ ಹುಡುಗರು ಬರುತ್ತಾರೆ. ಬಹುಪಾಲು ಎಲ್ಲರೂ ಸಿನಿಮಾ ನೋಡಿ ಬಂದವರೇ. ನಾನೂ ಹಾಗೇ ಬಂದವನು. ಹಾಗಾಗಿ ಮಗನ ಹುಚ್ಚನ್ನು ಕಂಡು ಗಾಬರಿಯಾಗಬೇಡಿ. ಹುಡುಗ ಯಾರನ್ನು ಮೆಚ್ಚಿಕೊಂಡಿದ್ದಾನೆ ಅನ್ನೋದನ್ನು ನೀವೂ ಸರಿಯಾಗಿ ತಿಳಿದುಕೊಂಡರೆ ಅವನ ಜೊತೆ ಮಾತಾಡುವುದು ಸುಲಭವಾಗುತ್ತದೆ.

ಇಪ್ ಮ್ಯಾನ್ ಅವರಿಂದ ಶುರು ಮಾಡೋಣ. ಹತ್ತು ಜನರ ಜೊತೆಗಿನ ಆ ಹೊಡೆದಾಟ 2008ರ ಸಿನಿಮಾದವರು ಕಟ್ಟಿದ್ದು. ನಿಜ ಜೀವನದಲ್ಲಿ ಅದು ನಡೆದಿಲ್ಲ. ಮುಂದಿನ ಭಾಗದಲ್ಲಿ ಬರುವ ಇಂಗ್ಲಿಷ್ ಬಾಕ್ಸರ್ ಜೊತೆಗಿನ ಪಂದ್ಯವೂ ಕಲ್ಪನೆ. ಕೊನೆಯ ಭಾಗದ ಅಮೆರಿಕ ಪ್ರವಾಸವೂ ಕಲ್ಪನೆ. ನಿಜವಾದ ಇಪ್ ಮ್ಯಾನ್ 1893ರಲ್ಲಿ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದ ಫೋಶಾನ್ ಊರಿನಲ್ಲಿ ಹುಟ್ಟಿದರು. ಶ್ರೀಮಂತರ ಮನೆ. ಅವರ ಮನೆತನದ ಹಿರಿಯರ ಗುಡಿಯಲ್ಲೇ ಚಾನ್ ವಾ-ಶುನ್ ಎಂಬ ಗುರು ವಿಂಗ್ ಚುನ್ ಪಾಠ ಹೇಳುತ್ತಿದ್ದರು. ಮೊದಲಿಗೆ ನಾಣ್ಯ ವಿನಿಮಯದ ಅಂಗಡಿ ಇಟ್ಟುಕೊಂಡಿದ್ದವರು ಆ ಗುರು. ಹುಡುಗ ಇಪ್ ಚಿಕ್ಕಂದಿನಲ್ಲೇ ಅವರ ಹತ್ತಿರ ಸೇರಿದರು. ಮುಂದೆ ಫೋಶಾನ್‌ನಲ್ಲಿ ಪೊಲೀಸ್ ಕೆಲಸ ಮಾಡಿದರು. ವಿದ್ಯೆ ಮಾರಿ ಬದುಕುವ ಅಗತ್ಯ ಅವರಿಗೆ ಇರಲೇ ಇಲ್ಲ.

1938ರಲ್ಲಿ ಜಪಾನೀ ಸೈನ್ಯ ಫೋಶಾನ್ ಹಿಡಿಯಿತು. ಆಸ್ತಿ ಕರಗಿತು. 1949ರಲ್ಲಿ ಕಮ್ಯುನಿಸ್ಟರು ಗೆದ್ದಾಗ ಹಳೇ ಸರ್ಕಾರದ ಪೊಲೀಸ್ ಆಗಿದ್ದವರು ಅಲ್ಲಿ ಉಳಿಯುವಂತಿರಲಿಲ್ಲ. ಊರು ಬಿಟ್ಟು ಹಾಂಗ್‌ಕಾಂಗ್ ಸೇರಿದರು. ಕೌಲೂನ್ ಕಡೆ ಹೋಟೆಲ್ ಕಾರ್ಮಿಕರ ಸಂಘದ ಕಟ್ಟಡದಲ್ಲಿ, 1950ರಲ್ಲಿ, ಹೊಟ್ಟೆಪಾಡಿಗಾಗಿ ಮೊದಲ ಸಲ ಹೊರಗಿನವರಿಗೆ ಕಲಿಸಲು ನಿಂತರು. ಆಗ ಅವರಿಗೆ 56 ವರ್ಷ. ಶಿಷ್ಯರು ಯಾರು? ಹೋಟೆಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತು ದುಡಿದು ಸುಸ್ತಾದ ಆಳುಗಳು. ಅಷ್ಟರಲ್ಲಿ ಗಡಿ ಮುಚ್ಚಿತು. ಹೆಂಡತಿ ಫೋಶಾನ್‌ನಲ್ಲೇ ಉಳಿದುಬಿಟ್ಟರು. 1960ರಲ್ಲಿ ಅಲ್ಲೇ ತೀರಿಕೊಂಡರು.

ಇದನ್ನು ನಿಮ್ಮ ಮಗನಿಗೆ ಹೇಳಿ ನೋಡಿ. ಹತ್ತು ಜನರನ್ನು ಹೊಡೆಯುವ ಇಪ್ ಮ್ಯಾನ್‌ಗಿಂತ ಈ ಇಪ್ ಮ್ಯಾನ್ ನನಗೆ ದೊಡ್ಡವರಾಗಿ ಕಾಣುತ್ತಾರೆ. ಮನೆ, ಊರು, ಸಂಸಾರ ಎಲ್ಲ ಹೋದ ಮೇಲೆ ಕೈಯಲ್ಲಿ ಉಳಿದದ್ದು ಚಿಕ್ಕಂದಿನಲ್ಲಿ ಕಲಿತ ಒಂದು ವಿದ್ಯೆ ಮಾತ್ರ. ಅದರಲ್ಲೇ ಮತ್ತೆ ಬದುಕು ಕಟ್ಟಿದರು. ಈವತ್ತು ಜಗತ್ತಿನಲ್ಲಿ ವಿಂಗ್ ಚುನ್ ಕಲಿಯುವವರಲ್ಲಿ ಹೆಚ್ಚಿನವರು ಆ ಸಂಘದ ಕಟ್ಟಡದಿಂದ ಹೊರಟ ಕೊಂಬೆಯವರೇ.

ಫೋಶಾನ್‌ನ ಇನ್ನೊಬ್ಬ ದೊಡ್ಡ ಹೆಸರು ವಾಂಗ್ ಫೇ-ಹುಂಗ್. 1847ರಲ್ಲಿ ಹುಟ್ಟಿದವರು. ಜೆಟ್ ಲೀ, ಜಾಕಿ ಚಾನ್ ಇಬ್ಬರೂ ಅವರ ಪಾತ್ರ ಮಾಡಿದ್ದಾರೆ, ನಿಮ್ಮ ಮಗ ನೋಡಿರುತ್ತಾನೆ. ಸಿನಿಮಾದಲ್ಲಿ ಅವರು ಛತ್ರಿ ಹಿಡಿದು ಗುಂಪನ್ನೇ ಚದುರಿಸುತ್ತಾರೆ. ನಿಜದಲ್ಲಿ ಅವರು ಮೂಳೆ ಕೂಡಿಸುವ ನಾಟಿ ವೈದ್ಯರು. ಗ್ವಾಂಗ್‌ಝೌ ಪಟ್ಟಣದಲ್ಲಿ, ಅಂದರೆ ಹಳೇ ಕ್ಯಾಂಟನ್‌ನಲ್ಲಿ, ಪೋ ಚಿ ಲಾಮ್ ಎಂಬ ಔಷಧಾಲಯ ಇಟ್ಟಿದ್ದರು. ಹಂಗ್ ಗಾರ್ ಎಂಬ ಗಟ್ಟಿ ನಿಲುವಿನ ಪದ್ಧತಿಯ ಗುರು, ಸಿಂಹ ಕುಣಿತದಲ್ಲಿ ನಿಸ್ಸೀಮರು. 1924ರಲ್ಲಿ ಪಟ್ಟಣದ ವರ್ತಕರ ಪಡೆಗೂ ಸರ್ಕಾರಕ್ಕೂ ಕಾಳಗ ನಡೆದಾಗ ಬೆಂಕಿ ಬಿದ್ದು ಔಷಧಾಲಯ ಸುಟ್ಟುಹೋಯಿತು. ಅದಾದ ಸ್ವಲ್ಪ ಕಾಲಕ್ಕೆ ಕಷ್ಟದಲ್ಲೇ ತೀರಿಕೊಂಡರು. ಅವರ ಕೊನೆಯ ಹೆಂಡತಿ ಮೊಕ್ ಕ್ವಾಯ್-ಲಾನ್ ಹಾಂಗ್‌ಕಾಂಗ್‌ಗೆ ಹೋಗಿ ವೈದ್ಯ, ಕುಂಗ್ ಫು ಎರಡನ್ನೂ ಮುಂದುವರಿಸಿದರು. ಸಿನಿಮಾದಲ್ಲಿ ಬರುವ ಚಂದದ 'ಹದಿಮೂರನೇ ಅತ್ತೆ' ಬರೀ ಕಲ್ಪನೆ. ನಿಜವಾಗಿ ಇದ್ದ ಈ ಹೆಂಗಸಿನ ಹೆಸರು ಯಾರಿಗೂ ಗೊತ್ತಿಲ್ಲ. ಅದು ನನಗೆ ಯಾವತ್ತೂ ಬೇಜಾರಿನ ವಿಷಯ.

ಹೊಡೆಯುವ ಕೈಯೇ ಮೂಳೆಯನ್ನೂ ಕೂಡಿಸಬೇಕು ಅನ್ನೋದು ಆ ಕಡೆಯ ಹಳೇ ಪದ್ಧತಿ. ನಾನು ಕಲಿತ ಜಾಗದಲ್ಲಿ ಬಾಗಿಲ ಪಕ್ಕ ಒಂದು ಗಾಜಿನ ಭರಣಿ ಇತ್ತು. ಅಕ್ಕಿ ಹೆಂಡದಲ್ಲಿ ಬೇರು, ತೊಗಟೆ ನೆನೆಹಾಕಿದ ಕಂದು ಮದ್ದು. ಮುಂಗೈ ಊದಿಕೊಂಡವರಿಗೆ ಸಿಫು ಅದನ್ನು ಅಂಗೈಗೆ ಸುರಿದುಕೊಂಡು ಬಿಸಿಯಾಗುವವರೆಗೆ ತಿಕ್ಕುತ್ತಿದ್ದರು. ಮೂರು ದಿನ ಅಂಗಿ ಒಗೆದರೂ ಆ ವಾಸನೆ ಹೋಗುತ್ತಿರಲಿಲ್ಲ. ಅಂದಹಾಗೆ, 'ಸಿಫು' ಅಂದರೆ ಮಹಾಗುರು ಅಂತ ನಮ್ಮ ಹುಡುಗರು ತಿಳಿದಿರುತ್ತಾರೆ. ಹಾಂಗ್‌ಕಾಂಗ್‌ನಲ್ಲಿ ನಲ್ಲಿ ರಿಪೇರಿಗೆ ಬಂದವರನ್ನೂ, ಟ್ಯಾಕ್ಸಿ ಓಡಿಸುವವರನ್ನೂ ಸಿಫು ಅಂತಲೇ ಕರೆಯುತ್ತಾರೆ. ಬರೆಯುವ ಅಕ್ಷರ ಬೇರೆ, ಕಿವಿಗೆ ಒಂದೇ. ನಮ್ಮಲ್ಲಿ ಮೇಸ್ತ್ರಿ ಎಂದ ಹಾಗೆ, ಕೈಕಸುಬು ಬಲ್ಲವರಿಗೆ ಕೊಡುವ ಮರ್ಯಾದೆ ಅದು.

ಹಾಗಾದರೆ ಇಷ್ಟೊಂದು ಕಥೆ ಎಲ್ಲಿಂದ ಹುಟ್ಟಿತು? ನಿಮ್ಮೂರಿನ ಮಾಸ್ಟರ್ ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುವುದಿಲ್ಲ. ಅವರಿಗೆ ಅವರ ಗುರು ಹೇಳಿದ್ದು, ಆ ಗುರುವಿಗೆ ಸಿನಿಮಾ ಹೇಳಿದ್ದು. ಅದರ ಬೇರು ಹುಡುಕಿದರೆ ನಾಟಕದ ದೋಣಿಗಳವರೆಗೆ ಹೋಗುತ್ತದೆ.

ಗ್ವಾಂಗ್‌ಡಾಂಗ್ ನದಿಗಳ ಸೀಮೆ. ಕ್ಯಾಂಟನೀಸ್ ಬಯಲಾಟದ ಮೇಳಗಳು ಕೆಂಪು ಬಣ್ಣದ ದೋಣಿಗಳಲ್ಲಿ ಊರೂರು ಸುತ್ತುತ್ತಿದ್ದವು. ಊಟ, ನಿದ್ದೆ, ತಾಲೀಮು ಎಲ್ಲಾ ದೋಣಿಯಲ್ಲೇ. ಯುದ್ಧದ ಪ್ರಸಂಗ ಆಡಬೇಕಾದರೆ ಕತ್ತಿ, ಕೋಲು, ಕೈವರಸೆ ಗೊತ್ತಿರಲೇಬೇಕು. ವಿಂಗ್ ಚುನ್ ಈ ಕೆಂಪು ದೋಣಿಯ ಕಲಾವಿದರಿಂದ ಫೋಶಾನ್‌ನ ವೈದ್ಯ ಲಿಯಾಂಗ್ ಜಾನ್ ಅವರಿಗೆ ಬಂತು ಎಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಶಿಷ್ಯರೇ ಚಾನ್ ವಾ-ಶುನ್. 1854ರಲ್ಲಿ ಲೀ ಮನ್-ಮೌ ಎಂಬ ನಟ ಕಲಾವಿದರ ಪಡೆಯನ್ನೇ ಕಟ್ಟಿ, ಆಗ ಚೀನಾ ಆಳುತ್ತಿದ್ದ ಚಿಂಗ್ ದೊರೆತನದ ವಿರುದ್ಧ ದಂಗೆ ಎದ್ದರು. ವೇಷದ ಬಟ್ಟೆಯಲ್ಲೇ ಯುದ್ಧಕ್ಕೆ ಇಳಿದರಂತೆ. ದಂಗೆ ಸೋತಿತು. ಫೋಶಾನ್‌ನಲ್ಲಿದ್ದ ಕಲಾವಿದರ ಸಂಘದ ಕಟ್ಟಡವನ್ನು ನೆಲಸಮ ಮಾಡಿದರು. ವರ್ಷಗಟ್ಟಲೆ ಕ್ಯಾಂಟನೀಸ್ ನಾಟಕವನ್ನೇ ನಿಷೇಧಿಸಿದರು. ಕಲಾವಿದರು ಹೆಸರು ಬದಲಿಸಿ ತಲೆಮರೆಸಿಕೊಂಡರು. ವಿದ್ಯೆ ಗುಟ್ಟಾಯಿತು. ಬರಹದಲ್ಲಿ ಇಡುವಂತಿಲ್ಲ. ಗುಟ್ಟಿನ ಜಾಗದಲ್ಲಿ ಕಥೆ ಬೆಳೆಯುತ್ತದೆ ಅಲ್ವಾ? ಸುಟ್ಟುಹೋದ ಶಾವೊಲಿನ್ ಮಠದಿಂದ ತಪ್ಪಿಸಿಕೊಂಡು ಬಂದ ಸನ್ಯಾಸಿನಿ ಎನ್ಗ್ ಮುಯಿ, ಅವಳಿಂದ ಕಲಿತ ಯಿಮ್ ವಿಂಗ್-ಚುನ್ ಎಂಬ ಹುಡುಗಿ, ಈ ಕಥೆಗಳೆಲ್ಲ ಆ ದೊರೆತನದ ವಿರುದ್ಧ ಇದ್ದ ಗುಪ್ತ ಕೂಟಗಳ ನಡುವೆ ಬೆಳೆದವು. ನಾನು ಮಕ್ಕಳಿಗೆ ಈ ಕಥೆಯನ್ನು ಪ್ರೀತಿಯಿಂದಲೇ ಹೇಳುತ್ತೇನೆ. ಆದರೆ ಕಥೆ ಅಂತಲೇ ಹೇಳುತ್ತೇನೆ.

ಆಮೇಲೆ ಪತ್ರಿಕೆ ಬಂತು. 1930ರ ದಶಕದಲ್ಲೇ ಹಾಂಗ್‌ಕಾಂಗ್‌ನಲ್ಲಿ ವಾಂಗ್ ಫೇ-ಹುಂಗ್ ಅವರ ಸಾಹಸಗಳು ಅಚ್ಚಾಗತೊಡಗಿದವು. ಬರೆದವರು ಅವರ ಶಿಷ್ಯನ ಶಿಷ್ಯ. ಆ ಬರಹಗಳ ಬೆನ್ನಲ್ಲೇ 1949ರಲ್ಲಿ ಸಿನಿಮಾ ಶುರುವಾಯಿತು. ಕ್ವಾನ್ ತಕ್-ಹಿಂಗ್ ಎಂಬ ನಾಟಕದ ನಟ ಎಪ್ಪತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಆ ಪಾತ್ರ ಮಾಡಿದರು. ಒಂದು ಪಾತ್ರವನ್ನು ಎಪ್ಪತ್ತು ಸಲ ನೋಡಿದ ಜನಕ್ಕೆ ನಿಜವಾದ ವೈದ್ಯರ ಮುಖ ಮರೆತುಹೋಗಿ ನಟರ ಮುಖವೇ ನಿಂತಿತು. ಆ ಚಿತ್ರಗಳಲ್ಲಿ ಯಾವಾಗಲೂ ಖಳನಾಗಿದ್ದ ಶೆಕ್ ಕಿನ್ ಅವರೇ 1973ರಲ್ಲಿ ಬ್ರೂಸ್ ಲೀ ಪೂರ್ತಿ ಮುಗಿಸಿದ ಕೊನೆಯ ಚಿತ್ರ 'ಎಂಟರ್ ದಿ ಡ್ರ್ಯಾಗನ್'ನಲ್ಲಿ ಕನ್ನಡಿಗಳ ಕೋಣೆಯಲ್ಲಿ ಕಾದಾಡುವ ಖಳ. ಹುಡುಗನಿಗೆ ಹೇಳಿ, ಖುಷಿಪಡುತ್ತಾನೆ.

ಒಂದು ನಿಜವಾದ ಪಂದ್ಯದ ಕಥೆಯನ್ನೂ ಹೇಳಬೇಕು. 1953ರ ಕ್ರಿಸ್‌ಮಸ್ ರಾತ್ರಿ ಹಾಂಗ್‌ಕಾಂಗ್‌ನ ಶೆಕ್ ಕಿಪ್ ಮೇ ಗುಡಿಸಲುಗಳಿಗೆ ಬೆಂಕಿ ಬಿದ್ದು 50,000ಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಸಂತ್ರಸ್ತರಿಗೆ ಹಣ ಕೂಡಿಸಲು 1954ರ ಜನವರಿ 17ರಂದು ಮಕಾವ್‌ನಲ್ಲಿ ಒಂದು ಪಂದ್ಯ ಇಟ್ಟರು. ಒಂದು ಕಡೆ ತಾಯ್ ಚಿ ಗುರು ವು ಗಾಂಗ್-ಯಿ, ಇನ್ನೊಂದು ಕಡೆ ಬಿಳಿ ಕೊಕ್ಕರೆ ಪದ್ಧತಿಯ ಯುವಕ ಚಾನ್ ಹಕ್-ಫು. ಜನ ಮುಗಿಬಿದ್ದರು. ಎರಡೇ ಸುತ್ತು ನಡೆಯಿತು. ಕೈಗಳು ಅಡ್ಡಾದಿಡ್ಡಿ ಬೀಸಿದವು, ಮೂಗಿನಿಂದ ರಕ್ತ ಬಂತು, ಯಾರೂ ಗೆಲ್ಲಲಿಲ್ಲ ಯಾರೂ ಸೋಲಲಿಲ್ಲ ಎಂದು ನಿಲ್ಲಿಸಿದರು. ಅದರ ಹಳೇ ಫಿಲಂ ಈಗಲೂ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಸಿನಿಮಾ ನೋಡಿ ಬಂದ ಹುಡುಗರಿಗೆ ನಾನು ಮೊದಲ ವಾರವೇ ತೋರಿಸುತ್ತೇನೆ. ಇಬ್ಬರೂ ಹೆಸರುವಾಸಿ ಗುರುಗಳು, ಆದರೂ ನಿಜವಾದ ಹೊಡೆದಾಟ ಎಷ್ಟು ಒಡ್ಡೊಡ್ಡಾಗಿರುತ್ತದೆ ನೋಡಿ. ಇನ್ನೂ ಒಂದು ಮಾತು. ಆ ಪಂದ್ಯದ ಬಿಸಿ ಆರುವ ಮೊದಲೇ, ಮೂರೇ ದಿನಕ್ಕೆ, ಹಾಂಗ್‌ಕಾಂಗ್‌ನ ಒಂದು ಸಂಜೆ ಪತ್ರಿಕೆ ಕತ್ತಿವರಸೆಯ ಧಾರಾವಾಹಿ ಶುರು ಮಾಡಿತು. ಅಲ್ಲಿಂದಲೇ ಹೊಸ ಬಗೆಯ ಸಾಹಸ ಕಾದಂಬರಿಗಳ ದೊಡ್ಡ ಅಲೆ ಎದ್ದಿತು. ಕೆಲವು ನಿಮಿಷದ ಸಾಧಾರಣ ಪಂದ್ಯದಿಂದ ಸಾವಿರಾರು ಪುಟದ ಕಥೆ!

ಈಗ ಬ್ರೂಸ್ ಲೀ. ನಿಮ್ಮ ನಿದ್ದೆ ಕೆಡಿಸಿರುವುದು ಇವರೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅವರ ತಂದೆ ಲೀ ಹೊಯ್-ಚುಯೆನ್ ಕ್ಯಾಂಟನೀಸ್ ನಾಟಕದ ಹಾಸ್ಯನಟರು. ಮೇಳದ ಜೊತೆ ಅಮೆರಿಕಕ್ಕೆ ಹೋಗಿದ್ದಾಗ, 1940ರ ನವೆಂಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಗ ಹುಟ್ಟಿದ. ಕೂಸಾಗಿದ್ದಾಗಲೇ ಸಿನಿಮಾದಲ್ಲಿ ಕಾಣಿಸಿಕೊಂಡವರು ಬ್ರೂಸ್ ಲೀ. ಬೆಳೆದದ್ದು ಕೌಲೂನ್‌ನಲ್ಲಿ, ಬಾಲನಟನಾಗಿ. ಹದಿಹರೆಯದಲ್ಲಿ ಇಪ್ ಮ್ಯಾನ್ ಹತ್ತಿರ ಸೇರಿದರು. ಆದರೆ ದಿನದಿನದ ಅಭ್ಯಾಸ ಜಾಸ್ತಿ ನಡೆದದ್ದು ಹಿರಿಯ ಶಿಷ್ಯ ವಾಂಗ್ ಶುನ್-ಲಿಯಾಂಗ್ ಜೊತೆ. 1958ರಲ್ಲಿ ಚಾ-ಚಾ ನೃತ್ಯದಲ್ಲಿ ಹಾಂಗ್‌ಕಾಂಗ್ ಚಾಂಪಿಯನ್ ಕೂಡ ಆದರು. ಆ ಪಾದಗಳ ಹಗುರ ಎಲ್ಲಿಂದ ಬಂತು ಅಂತ ಇದರಿಂದ ಗೊತ್ತಾಗುತ್ತದೆ. 1959ರಲ್ಲಿ ಅಮೆರಿಕಕ್ಕೆ ಹೊರಟರು. ನಮ್ಮೂರುಗಳ ಕರಾಟೆ ಕ್ಲಾಸಿನ ಗೋಡೆಯ ಮೇಲೆಲ್ಲ ಅವರ ಪಟ ಇರುತ್ತದೆ. ಆದರೆ ಅವರು ಕರಾಟೆಯವರಲ್ಲ. ಕಲಿತದ್ದು ವಿಂಗ್ ಚುನ್, ಕಟ್ಟಿದ್ದು ಜೀತ್ ಕುನ್ ಡೊ ಎಂಬ ತಮ್ಮದೇ ಪದ್ಧತಿ. ನಂಚಾಕು, ಅಂದರೆ ಸರಪಳಿಯಿಂದ ಕೂಡಿಸಿದ ಜೋಡಿ ಕೋಲು, ತಿರುಗಿಸಲು ಹೇಳಿಕೊಟ್ಟವರು ಫಿಲಿಪಿನೊ ಮೂಲದ ಅಮೆರಿಕನ್ ಗೆಳೆಯ ಡ್ಯಾನ್ ಇನೊಸಾಂಟೊ.

'ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಕೊಂದರು' ಎಂಬ ಮಾತಿಗೆ ಬೀಜ ಸಿಗುವುದು ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ. 1964ರಲ್ಲಿ ಅಲ್ಲಿ ವಾಂಗ್ ಜಾಕ್-ಮ್ಯಾನ್ ಎಂಬ ಪಟುವಿನ ಜೊತೆ ಅವರು ಮುಚ್ಚಿದ ಬಾಗಿಲ ಹಿಂದೆ ಹೋರಾಡಿದರು. ಚೀನೀಯರಲ್ಲದವರಿಗೆ ಕಲಿಸಬಾರದು ಎಂಬ ಬೆದರಿಕೆಯೇ ಕಾರಣ ಎಂದು ಲೀ ಕಡೆಯವರು ಹೇಳಿದರು. ಎದುರಿನವರು ಅದನ್ನು ಒಪ್ಪಲಿಲ್ಲ, ಲೀ ಎಲ್ಲರಿಗೂ ಸವಾಲು ಹಾಕಿದ್ದರು ಅದಕ್ಕೆ ಹೋದೆ ಎಂದರು. ಇಷ್ಟೇ. ಇದಾಗಿ ಒಂಬತ್ತು ವರ್ಷ ಅವರು ಬದುಕಿದ್ದರು, ಎಲ್ಲ ದೇಶದವರಿಗೂ ಕಲಿಸಿದರು.

ಸಾವು ಹೀಗಾಯಿತು. 1973ರ ಮೇ 10ರಂದು ಹಾಂಗ್‌ಕಾಂಗ್‌ನ ಸ್ಟುಡಿಯೊದಲ್ಲಿ ಡಬ್ಬಿಂಗ್ ಮಾಡುತ್ತಿದ್ದಾಗ ಕುಸಿದು ಬಿದ್ದರು. ಮಿದುಳಿನಲ್ಲಿ ಬಾವು ಕಂಡಿತ್ತು, ಆಗ ಉಳಿದುಕೊಂಡರು. ಜುಲೈ 20ರಂದು ಸಹನಟಿಯೊಬ್ಬರ ಮನೆಯಲ್ಲಿದ್ದಾಗ ತಲೆನೋವು ಬಂತು. ಆಸ್ಪಿರಿನ್ ಮತ್ತು ಮೆಪ್ರೊಬಮೇಟ್ ಎಂಬ ಶಮನಕಾರಿ ಸೇರಿದ ಮಾತ್ರೆ ತೆಗೆದುಕೊಂಡು ಮಲಗಿದವರು ಏಳಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಮಿದುಳು ಊದಿ 1,575 ಗ್ರಾಂ ಆಗಿತ್ತು. ಸಾಮಾನ್ಯವಾಗಿ ಅದು ಸುಮಾರು 1,400 ಗ್ರಾಂ. ಮೈಮೇಲೆ ಹೊಡೆತದ ಗುರುತಿರಲಿಲ್ಲ. ವಿಚಾರಣೆ ನಡೆಸಿ ಆಕಸ್ಮಿಕ ಸಾವು ಎಂದು ತೀರ್ಮಾನಿಸಿದರು. ಬಾವು ಬಂದದ್ದು ಮಾತ್ರೆ ಒಗ್ಗದೆಯೋ, ಬಿಸಿಲಿನ ತಾಪದಿಂದಲೋ ಎಂದು ಇವತ್ತಿಗೂ ವೈದ್ಯರು ವಾದಿಸುತ್ತಾರೆ. 2022ರಲ್ಲಿ ಮೂತ್ರಪಿಂಡದ ತಜ್ಞರು, ದೇಹ ಹೊರಹಾಕಲಾಗದಷ್ಟು ನೀರು ಸೇರಿ ಹೀಗಾಗಿರಬಹುದು ಎಂದೂ ಬರೆದರು. ಎಲ್ಲವೂ ಊಹೆ. ಆದರೆ ವಿಷ, ಮರ್ಮದ ಹೊಡೆತ, ಶಾಪ, ಇದಾವುದಕ್ಕೂ ಒಂದೇ ಒಂದು ಪುರಾವೆ ಇಲ್ಲ. ಮಗ ಬ್ರ್ಯಾಂಡನ್ ತೀರಿಕೊಂಡದ್ದು 1993ರ ಮಾರ್ಚ್ 31ರಂದು, ಚಿತ್ರೀಕರಣದಲ್ಲಿ. ಬಂದೂಕಿನ ನಳಿಗೆಯಲ್ಲಿ ಹಿಂದೆಯೇ ಸಿಕ್ಕಿಕೊಂಡಿದ್ದ ಗುಂಡಿನ ತುದಿಯನ್ನು ಯಾರೂ ನೋಡಿರಲಿಲ್ಲ. ಆಮೇಲೆ ಹಾಕಿದ ಖಾಲಿ ತೋಟಾ ಸಿಡಿದಾಗ ಅದು ಹೊರಗೆ ಹಾರಿ ಬಂತು. ಒಂದು ಕಡೆ ಕಾಯಿಲೆ, ಇನ್ನೊಂದು ಕಡೆ ಅಜಾಗರೂಕತೆ. ತಾಯಿಯಾಗಿ ನಿಮಗೆ ಎರಡೂ ಸಂಕಟದ ವಿಷಯಗಳೇ. ಆದರೆ ಕುಂಗ್ ಫು ಕಲಿತದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅವರ ಗುರು ಇಪ್ ಮ್ಯಾನ್ 79 ವರ್ಷ ಬದುಕಿದರು.

ಬೋಧಿಧರ್ಮರ ಮಾತು. ಇದನ್ನು ಬಿಟ್ಟುಕೊಡಲು ನಮ್ಮವರಿಗೆ ಮನಸ್ಸಾಗುವುದಿಲ್ಲ, ನನಗೂ ಆಗಿರಲಿಲ್ಲ. ಅವರು ದಕ್ಷಿಣ ಭಾರತದ ರಾಜಕುಮಾರ ಎಂದು ಹಳೇ ಚೀನೀ ಬರಹವೊಂದು ಹೇಳುವುದು ನಿಜ. ಅದಕ್ಕಿಂತ ಹಳೆಯದಾದ, 547ರ ಸುಮಾರಿನ ಬರಹ ಪರ್ಷಿಯಾದವರು ಎನ್ನುತ್ತದೆ. ಹಡಗಿನಲ್ಲಿ ಬಂದು ಗ್ವಾಂಗ್‌ಝೌನಲ್ಲಿ ಇಳಿದರು ಎಂಬ ನಂಬಿಕೆ ಇದೆ, ಆ ಜಾಗ ಎಂದು ಹುವಾಲಿನ್ ದೇವಾಲಯವನ್ನು ತೋರಿಸುತ್ತಾರೆ. ಆದರೆ ಅವರು ಕಲಿಸಿದ್ದು ಧ್ಯಾನ. ಅವರ ಹೆಸರಿನಲ್ಲಿರುವ ವ್ಯಾಯಾಮದ ಗ್ರಂಥದಲ್ಲಿ ಇರುವ ಕಾಲ 1624. ಅಂದರೆ ಅವರು ತೀರಿಕೊಂಡು ಸಾವಿರ ವರ್ಷ ಕಳೆದ ಮೇಲಿನದು. ವಿಂಗ್ ಚುನ್‌ಗೂ ಅವರಿಗೂ ನಂಟಿಲ್ಲ.

ಇನ್ನು ನಿಮ್ಮ ಮೊದಲ ಭಯಕ್ಕೆ ಬರೋಣ. ಸೊಂಟನೋವಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಕಾಯುವ ವಿಷಯ ಅಲ್ಲ. 1970ರಲ್ಲಿ ಬ್ರೂಸ್ ಲೀ ಮೈ ಬಿಸಿ ಮಾಡಿಕೊಳ್ಳದೆ ಹೆಗಲ ಮೇಲೆ ಭಾರದ ಸರಳು ಇಟ್ಟು ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದರು. ಬೆನ್ನಿಗೆ ಪೆಟ್ಟಾಯಿತು. ಇನ್ನು ಒದೆಯುವುದನ್ನು ಮರೆತುಬಿಡಿ ಎಂದರು ವೈದ್ಯರು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದರು. ಬೆನ್ನು ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 29 ವರ್ಷದ ಪಳಗಿದ ಮೈಗೆ ಹೀಗಾಯಿತು. ನಿಮ್ಮ ಮಗನದು ಇನ್ನೂ ಬೆಳೆಯುತ್ತಿರುವ ಎಲುಬು. ಈ ವಯಸ್ಸಿನ ಆಟಗಾರರಲ್ಲಿ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಅಪರೂಪವಲ್ಲ, ಹಾಗೇ ಮುಂದುವರಿಸಿದರೆ ವಾಸಿಯಾಗುವುದು ಕಷ್ಟ. ಮೂರು ವಾರ ಆಗಿದೆ ಎಂದಿದ್ದೀರಿ. ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಮರಗಟ್ಟಿದರೆ, ರಾತ್ರಿ ಎಚ್ಚರವಾಗುತ್ತಿದ್ದರೆ ನಾಳೆಯೇ ಹೋಗಿ. ಅವರು ಸರಿ ಎನ್ನುವವರೆಗೆ ಭಾರ ಮುಟ್ಟಬಾರದು. ಎಣ್ಣೆ, ಮದ್ದು ತಿಕ್ಕುವುದೂ ಆಮೇಲೆ.

'ಬೇಡ' ಅನ್ನಲೇ ಎಂದು ಕೇಳಿದ್ದೀರಿ. ಅನ್ನಬಹುದು. ಆದರೆ ನನ್ನ ಅನುಭವದಲ್ಲಿ ಬೇಡ ಎನ್ನಿಸಿಕೊಂಡ ಹುಡುಗ ಕದ್ದು ಫೋನ್ ನೋಡಿ ಕಲಿಯುತ್ತಾನೆ, ಪೆಟ್ಟು ಆಗುವುದು ಅಲ್ಲೇ. ಗಾಳಿಗೆ ಜೋರಾಗಿ ಗುದ್ದಿ ಗುದ್ದಿ ಮೊಣಕೈ ಕೀಲು ಕೆಡಿಸಿಕೊಂಡವರು, ಗೋಡೆಗೆ ಗುದ್ದಿ ಗೆಣ್ಣು ಒಡೆದುಕೊಂಡವರು ನನ್ನಲ್ಲಿಗೆ ಬಂದಿದ್ದಾರೆ. ಬ್ರೂಸ್ ಲೀ ನಂಚಾಕುವಿನಿಂದ ಟೇಬಲ್ ಟೆನಿಸ್ ಆಡುವ ವಿಡಿಯೊ ನೋಡಿ ಹಣೆ ಒಡೆದುಕೊಂಡವನೂ ಒಬ್ಬ. ಆ ವಿಡಿಯೊ 2008ರಲ್ಲಿ ನೋಕಿಯಾ ಫೋನ್‌ಗೆ ಮಾಡಿದ ಜಾಹೀರಾತು. ಅದರಲ್ಲಿರುವವರು ಅವರ ಹೋಲಿಕೆಯ ನಟ, ಚೆಂಡು ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸಿದ್ದು.

ಈಗಿನ ಕ್ಲಾಸ್‌ನಲ್ಲೇ ಮುಂದುವರಿಸುವುದಾದರೆ ಒಂದು ಸಂಜೆ ನೀವೇ ಹೋಗಿ ಕೂತು ನೋಡಿ. ಮಾಸ್ಟರ್ ಹೇಳುವ ಕಥೆಗೆ ಅಂಕ ಕೊಡಬೇಡಿ, ಅವರ ಕೈ ನೋಡಿ. ವಿಂಗ್ ಚುನ್‌ನಲ್ಲಿ ಚಿ ಸೌ ಅಂತ ಒಂದು ಅಭ್ಯಾಸ ಇದೆ. ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ಅಂಟಿಸುತ್ತಾರೆ. ಕೈಗಳು ಮೆಲ್ಲಗೆ ಉರುಳುತ್ತವೆ. ಎದುರಿನವರ ಕೈ ಒಂದು ಕ್ಷಣ ಗಟ್ಟಿಯಾದರೂ, ಸಡಿಲವಾದರೂ ಚರ್ಮಕ್ಕೆ ಗೊತ್ತಾಗಬೇಕು. ಕಣ್ಣು ಮುಚ್ಚಿಯೂ ಮಾಡುತ್ತೇವೆ. ಒಳ್ಳೆ ಗುರು ಹೊಸಬನ ಜೊತೆ ಇದನ್ನು ಮಾಡುವಾಗ ಮಗುವಿನ ಕೈ ಹಿಡಿದಷ್ಟು ಹಗುರ ಇರುತ್ತಾರೆ. ಹೊಸಬನನ್ನು ಎಲ್ಲರೆದುರು ತಳ್ಳಿ ಬೀಳಿಸಿ ತೋರಿಸುವವರ ಹತ್ತಿರ ಮಗನನ್ನು ಬಿಡಬೇಡಿ. ಪ್ರಶ್ನೆ ಕೇಳಿದರೆ ಸಿಟ್ಟಾಗುತ್ತಾರಾ, ನೋವು ಎಂದರೆ ನಿಲ್ಲಿಸುತ್ತಾರಾ, ವರ್ಷದ ಫೀಸು ಒಟ್ಟಿಗೇ ಕಟ್ಟಿ ಅಂತಾರಾ, ಇವನ್ನೂ ಗಮನಿಸಿ. 'ಇಪ್ ಮ್ಯಾನ್ ಪರಂಪರೆ' ಅನ್ನೋದು ಸುಳ್ಳಾಗಿರಬೇಕಿಲ್ಲ, ಹಾಗೆ ಹೇಳಬಲ್ಲವರು ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ. ಅದೊಂದರಿಂದ ಪಾಠ ಚೆನ್ನಾಗಿರುತ್ತದೆ ಅಂತೇನಿಲ್ಲ. ಸರ್ಟಿಫಿಕೇಟ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ. ಎಲ್ಲ ಶಾಲೆಗಳಿಗೂ ಒಪ್ಪಿತವಾದ ಒಂದು ದರ್ಜೆ ವಿಂಗ್ ಚುನ್‌ನಲ್ಲಿ ಇಲ್ಲ, ಆಯಾ ಶಾಲೆ ಕೊಟ್ಟದ್ದು ಆಯಾ ಶಾಲೆಗೆ ಮಾತ್ರ.

ಸ್ಪರ್ಧೆ, ಪದಕದ ಆಸೆ ಹುಡುಗನಿಗೆ ಇದ್ದರೆ ಜೂಡೊ, ಬಾಕ್ಸಿಂಗ್, ವುಶು (ಕುಂಗ್ ಫುವಿನ ಸ್ಪರ್ಧಾ ರೂಪ) ಸೂಕ್ತ. ವುಶುವಿನಲ್ಲಿ ನಾನ್‌ಕ್ವಾನ್ ಎಂಬ ವಿಭಾಗ ಇದೆ, ಅದರ ನಿಲುವುಗಳು ವಾಂಗ್ ಫೇ-ಹುಂಗ್ ಅವರ ದಕ್ಷಿಣದ ಪದ್ಧತಿಗಳಿಂದಲೇ ಬಂದವು. ಪೆಟ್ಟಿನ ಭಯ ಅಲ್ಲಿ ಸ್ವಲ್ಪ ಜಾಸ್ತಿ, ಅದನ್ನೂ ತಿಳಿದೇ ಸೇರಿಸಬೇಕು.

ಫೋಶಾನ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ಈಗ ಬೇಡ. 16 ವರ್ಷದ ಹುಡುಗ, ಭಾಷೆ ಬಾರದ ಊರು, ಮಧ್ಯವರ್ತಿಗಳ ಕೈಗೆ ಲಕ್ಷಗಟ್ಟಲೆ ದುಡ್ಡು, ಅರ್ಧಕ್ಕೆ ನಿಂತ ಪಿಯುಸಿ. ಅಲ್ಲಿಗೆ ಹೋಗಿ ಆರು ತಿಂಗಳಲ್ಲಿ ಕಲಿಯುವ ಮೊದಲ ಪಾಠ ಸಿಯು ನಿಮ್ ತೌ. ಅದನ್ನು ಇಲ್ಲೇ ನಿಮ್ಮ ಮನೆಯ ಹಜಾರದಲ್ಲೂ ಕಲಿಯಬಹುದು. ಮಂಡಿ ಒಳಕ್ಕೆ ಮಾಡಿ ಒಂದೇ ಜಾಗದಲ್ಲಿ ನಿಲ್ಲುವುದು, ಮೊಣಕೈ ಎದೆಯ ಮುಂದೆ ತಂದು ಕೈಯನ್ನು ಬಸವನಹುಳದಷ್ಟು ನಿಧಾನವಾಗಿ ಮುಂದೆ ಕಳಿಸುವುದು. ಹೆಜ್ಜೆ ಇಲ್ಲ, ಒದೆತ ಇಲ್ಲ. ಸೊಂಟ ವಾಸಿಯಾದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ, ಓದಿಗೆ ಕೂರುವ ಮುಂಚೆ ಮಾಡಲಿ. ಎರಡನೇ ಪಿಯುಸಿ ಮುಗಿದ ಮೇಲೂ ಆಸೆ ಉಳಿದಿದ್ದರೆ ದೊಡ್ಡವರ ಜೊತೆ ಎರಡು ವಾರ ಹೋಗಿ ಬರಲಿ. ಫೋಶಾನ್‌ನ ಹಳೇ ಝುಮಿಯಾವ್ ದೇವಾಲಯದ ಆವರಣದಲ್ಲೇ ವಾಂಗ್ ಫೇ-ಹುಂಗ್, ಇಪ್ ಮ್ಯಾನ್ ಇಬ್ಬರ ಸ್ಮಾರಕಗಳಿವೆ, ಸಿಂಹ ಕುಣಿತವನ್ನೂ ಅಲ್ಲೇ ನೋಡಬಹುದು. ಅದಕ್ಕೊಂದು ಡಬ್ಬಿ ಇಟ್ಟು ಈಗಿನಿಂದಲೇ ದುಡ್ಡು ಕೂಡಿಸಲು ಹೇಳಿ. ಬೇಡ ಎಂಬ ಮಾತಿಗಿಂತ ಆ ಡಬ್ಬಿ ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಎರಡು ಮೂರು ಮನೆಗಳಲ್ಲಿ ಕಂಡಿದ್ದೇನೆ.

ಕೊನೆಗೆ ಒಂದು ಕೆಲಸ, ಇದನ್ನು ನೀವಿಬ್ಬರೂ ಜೊತೆಗೆ ಕೂತು ಮಾಡಬೇಕು. 1972ರಲ್ಲಿ, ಡಿಸೆಂಬರ್ 2ರಂದು ಗಂಟಲ ಕ್ಯಾನ್ಸರ್‌ನಿಂದ ತೀರಿಕೊಳ್ಳುವ ಕೆಲವೇ ವಾರ ಮುಂಚೆ, ಇಪ್ ಮ್ಯಾನ್ ಮರದ ಗೊಂಬೆಯ (ಎದುರಾಳಿಯ ಬದಲು ನಿಲ್ಲಿಸುವ, ತೋಳುಗಳಿರುವ ಕಂಬ) ಮೇಲೆ ಮಾಡಿದ ಅಭ್ಯಾಸವನ್ನು ಚಿಕ್ಕ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದಾರೆ. ಹುಡುಕಿದರೆ ಸಿಗುತ್ತದೆ. ಶಬ್ದ ಇಲ್ಲ. ತೆಳ್ಳಗಾಗಿ ಹೋದ ಮುದುಕರು, ಕೈಯಲ್ಲಿ ಶಕ್ತಿ ಉಳಿದಿಲ್ಲ. ಆದರೂ ಒಂದು ಕೈ ಹೊರಟಾಗ ಇನ್ನೊಂದು ಕೈ ತನ್ನ ಜಾಗಕ್ಕೆ ತಾನೇ ಬಂದು ನಿಲ್ಲುತ್ತದೆ. ಮುಂದೆ ಬರುವವರಿಗೆ ಬೇಕಾಗುತ್ತದೆ ಅಂತ ಆ ನೋವಿನಲ್ಲೂ ಎದ್ದು ನಿಂತರು. ಮಗನ ಜೊತೆ ಅದನ್ನು ಪೂರ್ತಿ ನೋಡಿ. ನೋಡಿದ ಮೇಲೆ ಅವನು ಏನಂದ, ವೈದ್ಯರು ಏನಂದರು, ಎರಡನ್ನೂ ನನಗೆ ಬರೆಯಿರಿ.